ಮಾವನವರ ಖಡುಬಣ್ಣ, ಅತ್ತೆಯವರ ಕಪಾಟು

ನಮ್ಮ ಮಾವನವರ ಮುಂದೆ ಅರ್ಧ ತಾಸು ಅಲುಗಾಡದೆ ಕೂತ ಯಾವ ವಸ್ತುವೂ ಬಣ್ಣ ಬಳಿಸಿಕೊಳ್ಳದೆ ಪಾರಾದದ್ದನ್ನು ನಾನು ಕಂಡಿಲ್ಲ. ಕುರ್ಚಿ, ಮೇಜು, ಮಂಚ, ಮಣೆ, ತೊಟ್ಟಿಲು, ಗೋಡೆ ಗಡಿಯಾರದ ಪೆಟ್ಟಿಗೆ ಎಲ್ಲವೂ ಆ ಗಂಡಾಂತರಕ್ಕೆ ಸಿಕ್ಕವೇ. ನಮ್ಮೂರು ಶಲವಡಿಯ ಹಿರಿಯರು ನಮ್ಮ ಕಟ್ಟೆಗೆ ಹರಟೆಗೆ ಬಂದರೆ ನಡುನಡುವೆ ಸುಮ್ಮನೆ ಕೈಕಾಲು ಆಡಿಸುತ್ತಿದ್ದರು. ಯಾಕೆಂದು ಕೇಳಿದರೆ, "ಜೀವಂತ ಅದೀವಿ ಅಂತ ಮಾಸ್ತರಿಗೆ ಗೊತ್ತಾಗ್ಲಿ ಅಂತವಾ" ಎನ್ನುತ್ತಿದ್ದರು. ಉತ್ಪ್ರೇಕ್ಷೆ ಎನ್ನುತ್ತೀರಾ? ಇದ್ದರೆ ಒಂದು ಚೂರು ಇದ್ದೀತು.

ನಾನು ಕಲಘಟಗಿ ಕಡೆಯ ದೇವಿಕೊಪ್ಪದಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಹೊಸ್ತಿಲ ಸೇರು ಒದ್ದು ಒಳಗೆ ಬಂದವಳನ್ನು ಪಡಸಾಲೆಯ ತಿಳಿನೀಲಿ ಕುರ್ಚಿಯೊಂದರಲ್ಲಿ ಕೂರಿಸಿದರು. ಎಂಥ ಚೆಂದದ ಕುರ್ಚಿ ಎಂದುಕೊಂಡೆ. ಎದ್ದಾಗ ಮದುವೆ ಸೀರೆಯ ಬೆನ್ನಿಗೆ ನಾಲ್ಕು ನೀಲಿ ಪಟ್ಟಿ! ಓಣಿಯ ಹೆಂಗಸರು "ಕಲಘಟಗಿ ಕಡೆ ಇಂಥಾ ಸೀರಿ ಬಂದಾವೇನು" ಎಂದು ಮುಟ್ಟಿ ಮುಟ್ಟಿ ನೋಡಿದರು. ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಮಾವನವರು ಬಂದರು. ಹೊಸ ಸೊಸೆಯ ಮುಖ ನೋಡುವುದು ಬಿಟ್ಟು ಬೆನ್ನು ನೋಡಿ, "ಇನ್ನೂ ಅಂಟು ಸಾಲವಲ್ದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೊರಟುಹೋದರು. ಅದೇ ಅವರು ನನ್ನ ಮುಂದೆ ಆಡಿದ ಮೊದಲ ಮಾತು.

ಅವರು ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಕರಿಹಲಗೆಯ ಮೇಲೆ ಬರೆದು ಬರೆದು, ಇನ್ನು ಬೆರಳಿಗೆ ಸಿಗುವುದಿಲ್ಲ ಎನ್ನುವಷ್ಟು ಗಿಡ್ಡವಾದ ಖಡುವಿನ ತುಣುಕನ್ನು ಅವರು ಒಂದು ದಿನವೂ ಎಸೆದವರಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಉಳಿದ ಮಾಸ್ತರರು ನೌಕರಿ ಮುಗಿಸಿ ಶಾಲು, ಹಾರ ಎಣಿಸಿಕೊಂಡರೆ ಇವರ ಬಳಿ ಇದ್ದದ್ದು ಮೂರು ದೊಡ್ಡ ಡಬ್ಬಿ ಖಡುಚೂರು. ನಿವೃತ್ತಿಯಾದ ಮೂರನೆಯ ದಿನ ಅದನ್ನು ಪುಡಿ ಮಾಡಿ, ಅರಿವೆಗೆ ಹಾಕುವ ನೀಲಿ ಬೆರೆಸಿ, ಒಂದು ಹಳೆಯ ಮಣೆಗೆ ಹಚ್ಚಿದರಂತೆ. ಅವತ್ತು ಹತ್ತಿದ ಹುಚ್ಚು ಆಮೇಲೆ ಬಿಡಲಿಲ್ಲ.

ಪುಡಿ ಮಾಡಿದ್ದು ಎಲ್ಲಿ ಎಂದು ಕೇಳಬೇಡಿ. ಅತ್ತೆಯವರು ಕೇಳಿ ಕೆಟ್ಟರು.

"ಜ್ವಾಳಾ ಬೀಸೂ ಕಲ್ಲಿನ್ಯಾಗ ಖಡು ಬೀಸೀರೇನ್ರಿ?"

"ತೊಳದೇನಲ್ಲ."

"ಹಂಗಾರ ರೊಟ್ಟಿ ಯಾಕ ಇಷ್ಟ ಬೆಳ್ಳಗ ಬಂದಾವು?"

"ಛಲೋ ಆತು. ಎಲುವು ಗಟ್ಟಿ ಆಗತಾವು."

ಖಡುವಿಗೆ ಬಣ್ಣ ಕೊಡುವುದು ಕಷ್ಟವಲ್ಲ. ಅರಿಷಿಣವಿದೆ, ಕೆಮ್ಮಣ್ಣಿದೆ, ಒಲೆಯ ಇದ್ದಲಿಯಿದೆ. ಆದರೆ ಅದನ್ನು ಕಟ್ಟಿಗೆಗೆ ಹಿಡಿಸುವುದು ಹೇಗೆ? ಮೊದಲು ಜೋಳದ ಗಂಜಿ ಬೆರೆಸಿ ನೋಡಿದರು. ಮಂಚದ ನಾಲ್ಕೂ ಕಾಲು ಕೆಂಪಗೆ ಮಿಂಚಿದವು. ಸಂಜೆ ನೋಡಿದರೆ ಕಾಲುಗಳು ಮೊದಲಿಗಿಂತ ಸ್ವಚ್ಛ, ಆಕಳ ಕರುವಿನ ನಾಲಗೆ ಕೆಂಪು! ಆಮೇಲೆ ಜಾಲಿ ಗಿಡದ ಅಂಟಿಗೆ ಕೈ ಹಾಕಿದರು. ಅದು ಚೆನ್ನಾಗಿಯೇ ಹಿಡಿಯಿತು. ಎಷ್ಟು ಚೆನ್ನಾಗಿ ಎಂದರೆ, ಮಳೆಗಾಲದ ಒಂದು ದಿನ ಊರಿನ ಗೌಡರು ಬಂದು ಕೂತು, ಚಹಾ ಕುಡಿದು, "ಬರ್ತೇನ್ರಿ ಮಾಸ್ತರ" ಎಂದು ಎದ್ದರೆ ಕುರ್ಚಿಯೂ ಅವರ ಜೊತೆ ಎದ್ದಿತು. ಮಾವನವರ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇಲ್ಲ. "ಗೌಡ್ರ, ಒಂದೀಟ ನಿಂದರ್ರಿ, ಎಷ್ಟೊತ್ತು ಹಿಡೀತೈತಿ ನೋಡೂಣು" ಎಂದರು.

ಕಡೆಗೆ ಕೈಹಿಡಿದದ್ದು ಹುಳಿ ಮಜ್ಜಿಗೆ. ಅದನ್ನು ಕಾಯಿಸಿ ಒಡೆಸಿ, ನೀರು ಬಸಿದು, ಉಳಿದ ಮುದ್ದೆಗೆ ಎಲೆಗೆ ಹಚ್ಚುವ ಸುಣ್ಣ ಕಲಸಿ ಖಡುಪುಡಿಯೊಂದಿಗೆ ಅರೆದು ಪಡಸಾಲೆಯ ಮೇಜಿಗೆ ಹಚ್ಚಿದರು. ಮೂರು ದಿನ ಮನೆ ನಾತ ಹೊಡೆಯಿತು. ಓಣಿಯ ಬೆಕ್ಕುಗಳೆಲ್ಲ ನಮ್ಮ ಪಡಸಾಲೆಗೇ ಬಿಡಾರ ಬದಲಿಸಿದವು. ನಾಲ್ಕನೆಯ ದಿನ ಅದು ಒಣಗಿತು ನೋಡಿ, ಉಗುರಿನಿಂದ ಕೆರೆದರೂ ಬರಲಿಲ್ಲ. ಮೇಲೆ ತೆಳ್ಳಗೆ ಕುಸುಬಿ ಎಣ್ಣೆ ಸವರಿದರು. ಹೊಳಪಿಲ್ಲ, ಥಳಕಿಲ್ಲ, ಮುಟ್ಟಿದರೆ ತಣ್ಣಗೆ, ನಯವಾಗಿ ಕೈಗೆ ಹತ್ತುವ ಒಂದು ಬಣ್ಣ. ಮಂಚದ ಕಾಲು ಕೂರಿಸಲು ಅಣ್ಣಿಗೇರಿಯಿಂದ ಬಂದ ಬಡಿಗ ಮೌಲಾಸಾಬರು ಆ ಮೇಜಿನ ಮೇಲೆ ಅಂಗೈ ಇಟ್ಟವರು ತೆಗೆಯಲೇ ಇಲ್ಲ.

"ಮಾಸ್ತರ, ಇದು ಕಟಗೀನೋ, ಕಲ್ಲೋ?" ಎಂದು ಕೇಳಿದರು. "ನಮ್ಮ ಪಾಲಿಶಿನಂಗ ಹೊಳಿಯಂಗಿಲ್ಲ ಖರೆ. ಆದ್ರ ಕಣ್ಣು ಅಲ್ಲೇ ನಿಂದರತೈತಿ."

"ಹೊಳೀಬಾರದು ಸಾಬರ. ಕಾಣಬೇಕು," ಎಂದರು ಮಾವನವರು.

ಅಷ್ಟು ದಿನ ಮುಸಿಮುಸಿ ನಗುತ್ತಿದ್ದ ನಾನೂ ಅಂದು ಆ ಮೇಜಿನ ಮೇಲೆ ಅಂಗೈ ಇಟ್ಟು ನೋಡಿದೆ. ಹುಚ್ಚು ಎಂದು ನಾನು ಅಂದುಕೊಂಡದ್ದು ಒಂದು ವಿದ್ಯೆಯಾಗಿತ್ತು.

ಇಷ್ಟೆಲ್ಲ ಬಳಿದ ಪುಣ್ಯಾತ್ಮರ ಕೈಗೆ ಸಿಗದೆ ಉಳಿದದ್ದು ಒಂದೇ ಒಂದು. ಅಡುಗೆಮನೆಯ ಕಪಾಟು. ಅತ್ತೆಯವರು ಮದುವೆಯಾಗಿ ನವಲಗುಂದದಿಂದ ಬರುವಾಗ ಚಕ್ಕಡಿಯಲ್ಲಿ ಅವರ ಜೊತೆಗೇ ಬಂದ, ಆರು ಬಾಗಿಲಿನ ಸಾಗವಾನಿ ಕಪಾಟು. ನಲವತ್ತು ವರ್ಷದ ಹೊಗೆ ಕುಡಿದು ಕಾಡಿಗೆಯಂತೆ ಕಪ್ಪಾಗಿತ್ತು. ಅದರ ಕೀಲಿ ಅತ್ತೆಯವರ ಸೊಂಟದಲ್ಲಿ. ಮಾವನವರು ಚಹಾ ಕೇಳುವ ನೆವದಲ್ಲಿ ಬಂದು ಅದರ ಮುಂದೆ ನಿಂತು ಉಗುಳು ನುಂಗುತ್ತಿದ್ದರು.

"ಒಂದ ಬಾಜೂ ಅಷ್ಟ ಹಚ್ಚತೇನಿ."

"ಬ್ಯಾಡ್ರಿ. ನನ್ನ ತವರಮನೀದು ಅದು."

"ಹಿಂದಿನ ಬಾಜೂ? ಯಾರಿಗೂ ಕಾಣಂಗಿಲ್ಲ."

"ಹಿಂದ ಗ್ವಾಡಿ ಐತಿ. ಗ್ವಾಡಿಗೇ ಹಚ್ಚಿ ಹೋಗ್ರಿ."

ಈ ಸಂಭಾಷಣೆ ವಾರಕ್ಕೊಮ್ಮೆ ತಪ್ಪದೆ ನಡೆಯುತ್ತಿತ್ತು. ಆ ಕಪಾಟು ಬರೀ ಕಪಾಟಲ್ಲ, ಅತ್ತೆಯವರ ಸಂಸ್ಥಾನ. ಯಾವ ಬಾಗಿಲಲ್ಲಿ ಏನು ಎಂಬುದು ಅವರ ಕೈಗೆ ಗೊತ್ತು, ನನಗೆ ತೆರೆಯುವ ಅಪ್ಪಣೆಯಿಲ್ಲ. ನಿಜ ಹೇಳಿಬಿಡುತ್ತೇನೆ: ನಾಲ್ಕು ವರ್ಷ ರೊಟ್ಟಿ ಬಡಿಯುತ್ತ ನಾನೂ ಆ ಕೀಲಿಯ ಮೇಲೆ ಕಣ್ಣಿಟ್ಟಿದ್ದೆ.

ಒಮ್ಮೆ ದೇವಿಕೊಪ್ಪದಿಂದ ನನ್ನ ಅಪ್ಪ ಬಂದರು. ಬೀಗರು ಬಂದರೆಂದು ಅತ್ತೆಯವರು ಗೋಧಿ ಪಾಯಸ ಮಾಡಿದರು. ಅಪ್ಪ ಒಂದು ಬಟ್ಟಲು ಕುಡಿದರು. ಕಣ್ಣಲ್ಲಿ ನೀರಾಡಿತು. "ಅಗದಿ ಛಲೋ ಆಗೇತ್ರಿ" ಎಂದರು. ಹಾಗೆಂದರೆ ಬಿಡುತ್ತಾರೆಯೇ? ಇನ್ನೊಂದು ಬಟ್ಟಲು ಬಿತ್ತು. ಅದನ್ನೂ ಕುಡಿದರು! ಆಮೇಲೆ ಮಾವನವರು ಬಾಯಿಗಿಟ್ಟು ಹೆಂಡತಿಯ ಮುಖ ನೋಡಿದರು. ಸಕ್ಕರೆಯ ಬದಲಿಗೆ ಇಡೀ ಪಾತೇಲಿಗೆ ಉಪ್ಪು ಬಿದ್ದಿತ್ತು.

ನಾವು ನಕ್ಕೆವು. ಮಾವನವರು ನಗಲಿಲ್ಲ. ಮರುದಿನವೇ ಅತ್ತೆಯವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಕಣ್ಣಿನ ನರವೇ ಒಣಗುತ್ತಿದೆ, ಹೋದ ನೋಟ ಮರಳಿ ಬರುವುದಿಲ್ಲ, ಇರುವ ಚೂರನ್ನು ಹನಿ ಔಷಧದಿಂದ ಕಾಯ್ದುಕೊಳ್ಳಿ ಎಂದರು ಡಾಕ್ಟರು. ಅತ್ತೆಯವರು ವರ್ಷದಿಂದ ಅಂದಾಜಿನ ಮೇಲೆ ಅಡುಗೆ ಮಾಡುತ್ತಿದ್ದರಂತೆ. ನಮಗಾರಿಗೂ ಹೇಳಿರಲಿಲ್ಲ. ಮನೆಗೆ ಬಂದವರೇ ಸೊಂಟದ ಕೀಲಿ ಬಿಚ್ಚಿ ನನ್ನ ಕೈಯಲ್ಲಿಟ್ಟು, "ಇನ್ನ ನೀನ ನೋಡ್ಕೊಳ್ಳವಾ" ಎಂದರು.

ಬೇಕು ಬೇಕು ಎಂದುಕೊಂಡಿದ್ದ ಕೀಲಿ ಹೀಗೆ ಬರಬಾರದಿತ್ತು. ಅತ್ತೆಯವರು ಪಡಸಾಲೆಯ ಹಳದಿ ಕುರ್ಚಿಯಲ್ಲಿ ಕೂತುಬಿಟ್ಟರು. ಮಾತಿಲ್ಲ, ಜಗಳವಿಲ್ಲ. ನಾನು ಬಡಿಸಿದರೆ ಅರ್ಧ ರೊಟ್ಟಿ ತಿಂದು ಏಳುತ್ತಿದ್ದರು. ಒಲೆಯ ಸದ್ದಿಗೆ ಮಾತ್ರ ಕಿವಿ ಅತ್ತ ತಿರುಗುತ್ತಿತ್ತು. ಅಡುಗೆಮನೆ ಬಿಟ್ಟ ಮೇಲೆ ಆ ಜೀವ ದಿನದಿನಕ್ಕೆ ಕರಗುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಮಾವನವರು ಅವರ ಎದುರು ಬಂದು ನಿಂತರು.

"ಕಪಾಟಿಗೆ ಬಣ್ಣ ಹಚ್ಚಲಿ?"

"ಹಚ್ಚಿಕೊಳ್ರಿ. ನನಗೇನ ಕಾಣತೈತಿ ಇನ್ನ."

ನನಗೆ ಮೈ ಉರಿಯಿತು. ಹೆಂಡತಿಯ ಕಣ್ಣು ಹೋಗುತ್ತಿರುವಾಗ ಈ ಮನುಷ್ಯನಿಗೆ ಬಣ್ಣದ ಚಿಂತೆಯೇ? ಡಬ್ಬಿಗಳನ್ನೆಲ್ಲ ಹೊರಗೆ ತೆಗೆದು ಕೊಡುವಾಗ ಬೇಕೆಂದೇ ಸದ್ದು ಮಾಡಿದೆ. ಅವರು ಗಮನಿಸಲಿಲ್ಲ. ಹೊಗೆಯನ್ನು ತೊಳೆದು, ಉಜ್ಜಿ, ಇಡೀ ಕಪಾಟಿಗೆ ಬೆಳ್ಳನೆಯ ಬಣ್ಣ ಹಚ್ಚಿದರು. ಆಮೇಲೆ ಬಣ್ಣವನ್ನು ಹಿಟ್ಟಿನಂತೆ ಗಟ್ಟಿಯಾಗಿ ಕಲಸಿ, ಇದ್ದಲಿ ಸೇರಿಸಿ, ತೂತು ಮಾಡಿದ ಅರಿವೆಯ ಚೀಲದಲ್ಲಿ ತುಂಬಿ ಹಿಂಡುತ್ತ, ಒಂದೊಂದು ಬಾಗಿಲ ಮೇಲೆ ರೊಟ್ಟಿಯಗಲದ ಅಕ್ಷರ ಬರೆದರು. ಒಣಗಿದ ಮೇಲೆ ಅದರ ಮೇಲೆಯೇ ಮತ್ತೊಮ್ಮೆ. ಮರುದಿನ ಮತ್ತೊಮ್ಮೆ. ಎಂಟು ದಿನಕ್ಕೆ ಅಕ್ಷರಗಳು ಬಾಗಿಲಿನಿಂದ ಬೆರಳು ದಪ್ಪ ಎದ್ದು ನಿಂತವು. ಉಪ್ಪು. ಸಕ್ಕರಿ. ಖಾರ. ಬ್ಯಾಳಿ. ಹಿಟ್ಟು. ಚಾ. ಊರಿನ ಮಕ್ಕಳ ಒಂದು ತಪ್ಪನ್ನೂ ಬಿಡದ ಮಾಸ್ತರರು ಹೆಂಡತಿ ಆಡುವ ಹಾಗೆಯೇ ಬರೆದಿದ್ದರು.

ಅತ್ತೆಯವರಿಗೆ ಓದು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಾವನವರು ಅಕ್ಷರ ಕಲಿಯಲೆಂದು ಪಾಟಿ ತಂದುಕೊಟ್ಟರೆ ಇವರು ಅದನ್ನು ಹಾಲಿನ ಗಡಿಗೆಗೆ ಮುಚ್ಚಿದ್ದರಂತೆ. ಈಗ ಅದೇ ವಿದ್ಯಾರ್ಥಿನಿಯನ್ನು ಕೈಹಿಡಿದು ತಂದು ಕಪಾಟಿನ ಮುಂದೆ ನಿಲ್ಲಿಸಿ, ತೋರುಬೆರಳನ್ನು ಮೊದಲ ಅಕ್ಷರದ ಮೇಲಿಟ್ಟರು.

"ಏನೈತಿ ಹೇಳು."

"ಏನೋ ಹಾವು ಸುತ್ತಿಕೊಂಡಂಗ ಐತ್ರಿ."

"ಅದು ಉ. ಬಾಯಿ ಬಿಟ್ಟು ಅನ್ನು. ಮನಸಿನ್ಯಾಗ ಓದಿದ್ದು ಓದಲ್ಲ."

"ಸೊಸಿ ನಗತಾಳ್ರಿ."

"ನಗಲಿ. ಅನ್ನು."

"ಉ."

ನಾನು ನಗುತ್ತಿರಲಿಲ್ಲ. ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ, ಅತ್ತದ್ದು ಕಾಣಬಾರದೆಂದು. ದಿನವೂ ಊಟವಾದ ಮೇಲೆ ಪಾಠ ನಡೆಯಿತು. ಅತ್ತೆಯವರು ಮರೆಯುತ್ತಿದ್ದರು, ಸಿಟ್ಟಾಗುತ್ತಿದ್ದರು, "ನೀವ ಕಲತದ್ದು ಸಾಕು, ನನಗ ಬ್ಯಾಡ" ಎಂದು ಹಳದಿ ಕುರ್ಚಿಗೆ ಹೋಗಿ ಕೂರುತ್ತಿದ್ದರು. ಮಾವನವರು ಹೋಗಿ ಕರೆತರುತ್ತಿದ್ದರು. ಎರಡು ತಿಂಗಳು ಹೀಗೆ. ಒಂದು ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವಾಗ ಅತ್ತೆಯವರು ಒಳಗೆ ಬಂದು ಕೈ ಚಾಚಿದರು.

"ಕೀಲಿ ಕೊಡು. ನಿನ್ನ ಚಾ ಕುಡದು ಸಾಕಾಗೇತಿ."

ಇಷ್ಟು ಸಂತೋಷದಿಂದ ನಾನು ಬೇರೆ ಯಾವ ಅಧಿಕಾರವನ್ನೂ ಬಿಟ್ಟುಕೊಟ್ಟಿಲ್ಲ.

ಕೆಲವು ದಿನಗಳ ಮೇಲೆ, ಮಾವನವರು ಹೊರಗೆ ಹೋದ ಸಮಯ ನೋಡಿ, ಅತ್ತೆಯವರು ನನ್ನನ್ನು ಕಪಾಟಿನ ಬಳಿ ಕರೆದರು.

"ಆ ಗಟ್ಟಿ ಬಣ್ಣ ಕಲಸಾಕ ಬರತೈತೇನು ನಿನಗ? ನನ್ನ ಕೈ ಹಿಡದು ಒಂದ ಹೆಸರು ಬರಸು."

"ಯಾರದ್ರಿ ಅತ್ತಿ?"

ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅವರದು" ಎಂದರು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಮದುವೆ ಮನೆಯಲ್ಲಿ, ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ. ಅಲ್ಲಿಯೂ ಅತ್ತೆಯವರು ನಾಚಿ ಎದ್ದುಹೋಗುವವರೇ. ಮಾವನ ಹೆಸರನ್ನು ಸೊಸೆಯೂ ಹೇಳುವಂತಿಲ್ಲ. ಊರೆಲ್ಲ ಅವರಿಗೆ ಮಾಸ್ತರ ಎನ್ನುತ್ತಿತ್ತು. ಅವರ ತಾಯಿ ತೀರಿಕೊಂಡ ಮೇಲೆ ಆ ಹೆಸರನ್ನು ಈ ಮನೆಯಲ್ಲಿ ಯಾರೂ ಕೂಗಿರಲಿಲ್ಲ. ಹಾಗಾಗಿ ನಾವಿಬ್ಬರು ಹೆಂಗಸರು ಒಂದೂ ಮಾತಾಡದೆ, ಕೈ ಮೇಲೆ ಕೈಯಿಟ್ಟು, ಕೆಳಗಿನ ಬಾಗಿಲಿನ ಒಳಮೈಗೆ ನಾಲ್ಕು ಅಕ್ಷರ ಬರೆದೆವು. ಸೊಟ್ಟಗೆ ಬಂದವು.

ಎರಡು ದಿನ ಬಿಟ್ಟು, ಒಣಗಿದ ಮೇಲೆ, ಅತ್ತೆಯವರು ಆ ಬಾಗಿಲು ತೆರೆದು ಕೂತರು. ಕಲಿಸಿದ ಹಾಗೆಯೇ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟರು. ಒಂದೊಂದೇ ಅಕ್ಷರ ಸವರಿ, ಬಾಯಿ ಬಿಟ್ಟು ಅಂದರು. ಕೊನೆಗೆ ನಾಲ್ಕನ್ನೂ ಕೂಡಿಸಿ, ಸ್ಪಷ್ಟವಾಗಿ, ಒಂದು ಸಲ ಓದಿದರು. ಮದುವೆಯಾದ ನಲವತ್ತು ವರ್ಷಗಳಲ್ಲಿ ಮೊದಲ ಸಲ.

ಪಡಸಾಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಓ," ಎಂದರು ಮಾವನವರು ಅಲ್ಲಿಂದಲೇ. ದನಿ ಅವರದಲ್ಲವೆನ್ನುವಷ್ಟು ಸಣ್ಣದಾಗಿತ್ತು. "ಯಾರು ಕರದ್ರು?"

ಅತ್ತೆಯವರು ಬೆರಳು ತೆಗೆಯಲಿಲ್ಲ.

"ಯಾರೂ ಕರದಿಲ್ರಿ," ಎಂದರು. "ನಾ ಓದಾಕತ್ತೇನಿ."