ಸೀರೆ ಉಟ್ಟು ಮೆಟ್ಟಿಲು ಹತ್ತಿದ ಮಾಮಾ

ಇಡೀ ಸಿಂದಗಿ ತಾಲೂಕಿನಲ್ಲಿ ನಮ್ಮ ಮಾಮಾನಷ್ಟು ಚೆಂದ ಇಳಕಲ್ ಸೀರೆ ಉಡುವ ಗಂಡಸು ಇನ್ನೊಬ್ಬನಿಲ್ಲ! ನಗಬೇಡಿ, ಕಾರಣ ಹೇಳುತ್ತೇನೆ.

ಮಾಮಾ ಎಂದರೆ ನನ್ನ ಸೋದರಮಾವ. ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಸಿಂದಗಿಯ ಬಜಾರಿನಲ್ಲಿ ಕೆಳಗೆ ಬಾಡಿಗೆಗೆ ಕೊಟ್ಟ ಕಿರಾಣಿ ಅಂಗಡಿ, ಮೇಲೆ ಅವನ ಮನೆ, ನಡುವೆ ಕಡಿದಾದ ಕಲ್ಲಿನ ಮೆಟ್ಟಿಲು. ಹೋದ ಚಳಿಗಾಲ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ವಿಜಯಪುರದ ಆಸ್ಪತ್ರೆಯಲ್ಲಿ ದಿನಾ ವ್ಯಾಯಾಮ ಮಾಡಿಸಿ ಕೋಲು ಹಿಡಿದು ನಡೆಯುವಷ್ಟು ಮಾಡಿದರು. ಇನ್ನು ಮನೆಗೆ ಹೋಗಬಹುದು, ಆದರೆ ಮೆಟ್ಟಿಲು ಜೋಪಾನ ಎಂದರು ಡಾಕ್ಟರು.

ಪಕ್ಕದ ಇಂಡಿ ಊರಿನಲ್ಲಿ ನಮ್ಮದು ನೆಲಮಟ್ಟದ ಮನೆ. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

"ಮಾಮಾ, ಅತ್ತಿ ನಮ್ಮ ಮನ್ಯಾಗ ಇರ್ಲಿ," ಎಂದೆ.

ಹಾಸಿಗೆಯಲ್ಲಿ ಮಲಗಿದ್ದ ಅತ್ತೆ ನಿಧಾನವಾಗಿ, ಆದರೆ ಸ್ಪಷ್ಟವಾಗಿ, "ನಾ ನನ್ನ ಮನಿಗೇ ಹೋಗಾಕಿ," ಎಂದಳು.

"ಕೇಳಿದೇನು? ಟಿಕೀಟು ಹರದಾಯ್ತು!" ಎಂದು ಮಾಮಾ ಎದ್ದು ಊರಿಗೆ ಹೊರಟೇಬಿಟ್ಟ.

ಎರಡು ದಿನ ಬಿಟ್ಟು ನಾನು ಸಿಂದಗಿಗೆ ಹೋದರೆ ಅಂಗಡಿಯ ಮುಂದೆ ಜನವೋ ಜನ! ಏನಾಯಿತೋ ಎಂದು ನುಗ್ಗಿ ನೋಡುತ್ತೇನೆ: ಅತ್ತೆಯ ಇಳಕಲ್ ಸೀರೆ ಉಟ್ಟ ಮಾಮಾ, ಎಡಗಾಲು ಮಡಚದಂತೆ ಲಟ್ಟಣಿಗೆ ಕಟ್ಟಿಕೊಂಡು, ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಾನೆ. ಮೇಲೆ ಆ ಹುರಿ ಮೀಸೆ ಬೇರೆ!

"ಮಾಮಾ, ಏನಿದು ಅವತಾರ?"

"ನಿಮ್ಮ ಅತ್ತಿ ಆಗೇನಿ. ಆಕಿ ಎಲ್ಲಿ ಎಡವತಾಳ ಅಂತ ಹೊದ್ಕೊಂಡು ಮಲಗಿದ್ರ ತಿಳಿತೈತೇನು?"

ಅಂಗಡಿಯ ಸಾವಕಾರರು ನಗು ತಡೆಯಲಾರದೆ ಕೂಗಿದರು: "ಕಂಡಕ್ಟರ್ ಸಾಹೇಬ್ರ, ಸೆರಗು ಜಾರಾಕತ್ತೈತ್ರಿ!"

"ಸೆರಗು ಜಾರ್ಲಿ ಬಿಡ್ರಿ, ಕಾಲು ಜಾರಬಾರ್ದು!"

ಅಷ್ಟು ಹೇಳುವುದರೊಳಗೆ ಮುಂದೆ ಚಾಚಿದ ಕಲ್ಲಿನ ಅಂಚಿಗೆ ನೆರಿಗೆ ಸಿಕ್ಕು ಮಾಮಾ ಮುಗ್ಗರಿಸಿದ. ನಾನು ಚೀರಿದೆ. ಅವನೋ ಕೈಯೂರಿ ಎದ್ದು, ಕಳೆದ ಉಂಗುರ ಸಿಕ್ಕವನಂತೆ ಕುಣಿದಾಡಿದ. ಮಾರನೆಯ ದಿನವೇ ಗೌಂಡಿ ಬಂದು ಚಾಚಿದ ಅಂಚುಗಳನ್ನೆಲ್ಲ ಉಜ್ಜಿ ಸಮ ಮಾಡಿದ.

ಆಮೇಲೆ ಹಿಡಿಯಲು ಪೈಪು ಬಂತು. ಹತ್ತುವಾಗ ಬಲಕ್ಕೆ ಸಿಗುವ ಹಾಗೆ ವೆಲ್ಡಿಂಗಿನವರು ಕೂಡಿಸಿದರು. ಮಾಮಾ ಮತ್ತೆ ಸೀರೆ ಉಟ್ಟು, ಲಟ್ಟಣಿಗೆ ಬಿಗಿದು ಸರಾಗ ಹತ್ತಿದ. ಇಳಿಯಲು ತಿರುಗಿದರೆ ಪೈಪು ಸೋತ ಕೈಯ ಕಡೆ ಬಂದುಬಿಟ್ಟಿತ್ತು! ಅಲ್ಲೇ ನಿಂತ.

"ಈ ಕಡೇನೂ ಒಂದು ಹಾಕ್ರಿ. ಇಲ್ಲಂದ್ರ ಹತ್ತಿದಾಕಿ ಮ್ಯಾಲೇ ಉಳೀತಾಳ!"

"ಹಾಕೂನ್ರಿ. ಈಗ ನೀವು ಇಳೀರಿ, ನಿಮ್ಮ ಎಡಗೈ ಚಲೋ ಐತೆಲ್ಲ?"

"ಇವತ್ತ ಇಲ್ಲ!"

ಎರಡನೆಯ ಪೈಪು ಕೂಡುವವರೆಗೆ ಆ ಮಹಾರಾಯ ಕೆಳಗಿಳಿಯಲಿಲ್ಲ. ಚಹಾ ಮೇಲಕ್ಕೇ ಹೋಯಿತು.

ಮೆಟ್ಟಿಲಿನ ಅಂಚು ಎದ್ದು ಕಾಣಲೆಂದು ಹಳದಿ ಬಣ್ಣ ಬಳಿದ. ಅದು ನುಣ್ಣಗಾಗಿ, ಬಳಿದವನನ್ನೇ ಮೊದಲು ಜಾರಿಸಿ ಕೂರಿಸಿತು! ಮತ್ತೆ ಬಳಿಯುವಾಗ ಬಣ್ಣಕ್ಕೆ ಸಣ್ಣ ಮರಳು ಬೆರೆಸಿದ. ಆ ಮರಳು ಸೋಸಿದ್ದು ಅತ್ತೆಯ ಚಹಾ ಸೋಸುವ ಜಾಳಿಗೆಯಲ್ಲಿ. ಇದು ಅತ್ತೆಗೆ ಇನ್ನೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಕೊನೆಗೆ ಅತ್ತೆ ಆಸ್ಪತ್ರೆಯಿಂದ ಬಂದಳು. ಕಾರು ನಿಂತಿದ್ದೇ ತಡ, ಅರ್ಧ ಬಜಾರು ಬಾಗಿಲಲ್ಲಿ.

"ಹಿಂದ ಸರೀರಿ! ಬಾಗಲ ಬಿಡ್ರಿ!" ಮಾಮಾನ ಕಂಡಕ್ಟರ್ ದನಿ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು.

ಅತ್ತೆ ಬಲಗೈಯಿಂದ ಪೈಪು ಹಿಡಿದಳು. ಬಲಗಾಲು ಮೊದಲು, ಅದರ ಪಕ್ಕಕ್ಕೆ ಎಡಗಾಲು. ಒಂದು ಮೆಟ್ಟಿಲು ಕೆಳಗೆ, ಅವಳ ಬೆನ್ನಿಗೆ ತಾಗದಂತೆ ಎರಡೂ ಕೈ ಚಾಚಿಕೊಂಡು ಮಾಮಾ. ನಡುವೆ ಒಮ್ಮೆ ಅತ್ತೆ ನಿಂತೇಬಿಟ್ಟಳು. ಅವಳು ತಲೆ ಬಗ್ಗಿಸಿ ಕಾಲ ಕೆಳಗೆ ನೋಡಿದಳು.

"ಬಣ್ಣ ಯಾರು ಹಚ್ಚ್ಯಾರ? ಸೊಟ್ಟ ಐತಿ."

ಇಡೀ ಬಜಾರು ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲೇ ಅತ್ತೆ ಉಳಿದದ್ದನ್ನು ಹತ್ತಿ, ಹೊಸ್ತಿಲು ದಾಟಿ, ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕುಳಿತಳು. ನಾನು ಅವಳ ಕಾಲ ಬಳಿಯೇ ಕುಸಿದು ಕುಳಿತೆ. ಅಬ್ಬಾ, ಎಷ್ಟು ದಿನಗಳ ಭಾರ ಇಳಿಯಿತು!

ಆದರೆ ಮಾಮಾ ಎಲ್ಲಿ? ಬಚ್ಚಲಿನಲ್ಲಿ ನಳ ಜೋರಾಗಿ ಸುರಿಯುತ್ತಿತ್ತು. ಕಿವಿಗೊಟ್ಟರೆ ನೀರಿನ ಸದ್ದಿನ ಕೆಳಗೆ ಬಿಕ್ಕುವ ಸದ್ದು. ಆಸ್ಪತ್ರೆಯಲ್ಲಿ ಅಷ್ಟು ದಿನ ಎಲ್ಲರನ್ನೂ ನಗಿಸಿಕೊಂಡು ಓಡಾಡಿದವನ ಕಣ್ಣಲ್ಲಿ ನಾನು ಒಂದು ಹನಿಯನ್ನೂ ಕಂಡಿರಲಿಲ್ಲ. ಗಾಬರಿಯಿಂದ ಏಳಹೋದೆ.

ಅತ್ತೆ ನನ್ನ ಭುಜ ಒತ್ತಿ ಕೂರಿಸಿದಳು.

"ಅಳ್ಲಿ ಬಿಡು. ಪಾಪ, ಅವ್ರಿಗೆ ಈಗರೆ ಪುರುಸೊತ್ತು ಸಿಕ್ಕೈತಿ."