ಕವಿಯ ಕುರ್ಚಿಗೆ ಸೊಂಡಿಲು

ದಂಡು ಪ್ರದೇಶದ ಒಂದು ಹಳೆಯ ಚರ್ಚ್ ಹಾಲಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ನಗಬಾರದ ಜಾಗದಲ್ಲೇ ನಗು ಬರುವಂಥದ್ದು ಇಲ್ಲಿ ನಡೆಯುತ್ತಲೇ ಇರುತ್ತದೆ, ಅದೂ ಹೆಚ್ಚಾಗಿ ಒಂದೇ ಕುರ್ಚಿಯ ಸುತ್ತ.

ಮದುಮಗ

ಅದು ಎತ್ತರದ ತೇಗದ ಕುರ್ಚಿ. ಬೆನ್ನಿನ ಮೇಲೆ ರೆಕ್ಕೆಯಿರುವ ಒಂದು ಪ್ರಾಣಿ, ಅದಕ್ಕೆ ಸೊಂಡಿಲು. ಯಾವ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ.

ಜೋಗುಪಾಳ್ಯದವರ ಆರತಕ್ಷತೆಗೆ ಹಾಲ್ ಕೊಟ್ಟಿದ್ದೆವು. ಮದುಮಗನಿಗೆ ಇರಲಿ ಎಂದು ಆ ಕುರ್ಚಿಯನ್ನು ವೇದಿಕೆಗೆ ಹಾಕಿಸಿದೆ. ಹುಡುಗಿಯ ಅಜ್ಜಿ ಸೊಂಡಿಲು ನೋಡಿ ಕೈಮುಗಿದರು.

"ಗಣಪತಿಗೆ ಬೆನ್ನು ತಿರುಗಿಸಿ ಕೂತ್ಕೋತಾರೇನ್ರೀ? ಎಬ್ಬಿಸಿ ಅವನನ್ನ."

ಕುರ್ಚಿಗೆ ಹಾರ ಬಿತ್ತು, ಕರ್ಪೂರ ಹತ್ತಿತು. ಮದುಮಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಮುಯ್ಯಿ ಕೊಡಲು ಬಂದವರೆಲ್ಲ ಮೊದಲು ತೇಗದ ಕುರ್ಚಿಗೆ ನಮಸ್ಕಾರ ಮಾಡಿ ಆಮೇಲೆ ಅವನ ಕೈ ಕುಲುಕಿದರು.

ಬಡಗಿಯ ಮಗ

ಕುರ್ಚಿಗೆ ಪಾಲಿಶ್ ಹಾಕುವವರು ಶಿವಾಜಿನಗರದ ಒಬ್ಬ ಚಾಚಾ. ಅದನ್ನು ಮಾಡಿದ್ದು ಅವರ ತಂದೆಯೇ ಎಂದು ಒಂದು ದಿನ ನಾಚಿಕೆಯಿಂದ ಹೇಳಿಕೊಂಡರು.

"ಲಡಾಯಿ ಮುಗಿದ್ ಟೈಮು ಸಾರ್. ಗೋರಾ ಸಿಪಾಯಿಗಳು ಒಂದು ಚೀಟೀಲಿ ಡ್ರ್ಯಾಗನ್ ಬರೆದು ಕೊಟ್ರು. ಬಾಯಿಂದ ಬೆಂಕಿ ಬರ್ತಿತ್ತು. ನಮ್ಮಪ್ಪ ಅದನ್ನ ಸೊಂಡಿಲು ಅಂದ್ಕೊಂಬಿಟ್ರು."

"ಅವರು ಬೈಲಿಲ್ವಾ?"

"ನಾಳೆ ಫಂಕ್ಷನ್, ಇವತ್ತು ಕುರ್ಚಿ ತಲುಪಿದೆ. ಎಲ್ಲಿ ಬೈತಾರೆ?"

ಪಾಲಿಶ್‌ಗೆ ಬಂದಾಗಲೆಲ್ಲ ಅವರದು ಒಂದೇ ಬೇಡಿಕೆ, ಸೊಂಡಿಲು ಕತ್ತರಿಸಿ ಬೆಂಕಿ ಮಾಡಿಬಿಡ್ತೀನಿ, ನಮ್ಮಪ್ಪನ ಮರ್ಯಾದೆ ಉಳೀತದೆ. ಕಮಿಟಿಯನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದೆ. ಕಮಿಟಿಯನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಕವಿಯ ಮಗಳು

ಕಳೆದ ತಿಂಗಳು ವೇಲ್ಸ್‌ನಿಂದ ಒಂದು ಪತ್ರ ಬಂತು. ಇಂಗ್ಲೆಂಡಿನ ಪಕ್ಕದಲ್ಲಿರುವ, ತನ್ನದೇ ಭಾಷೆಯ, ಬಾವುಟದಲ್ಲಿ ಡ್ರ್ಯಾಗನ್ ಇರುವ ಪುಟ್ಟ ನಾಡು ಅದು. ಬರೆದಾಕೆಗೆ ಎಪ್ಪತ್ತು ದಾಟಿದೆ. ಎರಡನೇ ಮಹಾಯುದ್ಧ ಮುಗಿದಾಗ ಅವರ ಅಪ್ಪ ಇಲ್ಲಿ ಊರಿಗೆ ಮರಳುವ ಹಡಗಿಗೆ ಕಾಯುತ್ತಿದ್ದ ಸಿಪಾಯಿ. ಹೊತ್ತು ಹೋಗದೆ ಆ ನಾಡಿನವರು ಈ ಹಾಲಿನಲ್ಲಿ ಕವನ ಸ್ಪರ್ಧೆ ನಡೆಸಿದರಂತೆ, ಅವರ ಅಪ್ಪ ಗೆದ್ದರಂತೆ. ನಮ್ಮಲ್ಲಿ ಕವಿಗೆ ಶಾಲು ಹೊದಿಸುತ್ತೇವೆ, ಅವರಲ್ಲಿ ಕುರ್ಚಿ ಕೊಡುತ್ತಾರೆ. ಗೆದ್ದವನಲ್ಲದೆ ಬೇರೆಯವರು ಅದರಲ್ಲಿ ಕೂರುವಂತಿಲ್ಲ. ಹಡಗಿಗೆ ಹತ್ತಿಸಲಾಗದ ಆ ಕುರ್ಚಿಯನ್ನು ಒಮ್ಮೆ ನೋಡಬೇಕು ಎಂದು ಬರೆದಿದ್ದರು.

ಓದಿ ಪತ್ರ ಮಡಿಸಿಟ್ಟೆ. ಇಪ್ಪತ್ತೆರಡು ವರ್ಷ ನಾನು ದಿನಾ ಅದರಲ್ಲೇ ಕೂತು ಮೊಸರನ್ನ ತಿಂದಿದ್ದೆ.

ಅವರು ಬರುವ ದಿನ ಬೆಳಿಗ್ಗೆಯೇ ಚಾಚಾ ಗರಗಸ ತಂದರು. "ಇವತ್ತಾದ್ರೂ ಬಿಡಿ ಸಾರ್. ಅವರೆದುರು ನಮ್ಮಪ್ಪ ಮೂರ್ಖ ಆಗ್ಬಾರ್ದು." ನನಗೂ ಮನಸ್ಸು ಕರಗಿತು. ನಾನು ಕುರ್ಚಿ ಹಿಡಿದುಕೊಂಡೆ. ಗರಗಸ ಎರಡು ಸಲ ಓಡಿತ್ತು, ಗೇಟಿನಲ್ಲಿ ಆಟೋ ನಿಂತಿತು. ಚಾಚಾ ಗರಗಸವನ್ನು ಕುರ್ಚಿಯಡಿಗೆ ತಳ್ಳಿ, ಕೈಕಟ್ಟಿ ನಿಂತರು.

ಆಕೆ ನೇರ ಬಂದು ಸೊಂಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಡ್ರ್ಯಾಗನ್‌ಗೆ ಸೊಂಡಿಲಿತ್ತು ಅಂತ ಅಪ್ಪ ಹೇಳಿದಾಗಲೆಲ್ಲ ಊರೇ ನಗುತ್ತಿತ್ತು. ಸೊಂಡಿಲು ಸುಳ್ಳಾದರೆ ಬಹುಮಾನವೂ ಸುಳ್ಳು ಅಂದರು. ಸಾಯುವ ವಾರದಲ್ಲೂ ಅಪ್ಪ ಅದನ್ನೇ ಹೇಳಿದ. ಆಯ್ತಪ್ಪ ಅಂದೆ. ನಂಬಿರಲಿಲ್ಲ."

ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಚಾಚಾಗೆ ತಿಳಿಸಿದೆ. ಅವರ ಕಣ್ಣಲ್ಲಿ ನೀರು ತುಂಬಿತು. ಕಾಲಿನಿಂದ ಗರಗಸವನ್ನು ಇನ್ನಷ್ಟು ಒಳಗೆ ನೂಕಿದರು.

ಕೂರಿ ಎಂದೆ, ಕೂರಲಿಲ್ಲ. ಅಪ್ಪನ ಫೋಟೋ ತೆಗೆದು ಕುರ್ಚಿಯಲ್ಲಿಟ್ಟರು. ಮೂವರೂ ತಲೆಬಾಗಿ ನಿಂತೆವು.

ಆಮೇಲೆ ಅವರ ಬೆರಳು ಸೊಂಡಿಲಿನ ಬುಡಕ್ಕೆ ಬಂತು. "ಇಲ್ಲಿ ಏನೋ ಗಾಯವಾಗಿದೆ."

"ಇಲಿ ಕಡಿದದ್ದು," ಎಂದೆ.

"ಬಡಾ ಚೂಹಾ, ಮೇಡಂ," ಎಂದು ಚಾಚಾ ಕೈ ಅಗಲಿಸಿ ತೋರಿಸಿದರು.

ಆಕೆ ನೆಲದ ಮೇಲೆ ಆಗಷ್ಟೇ ಉದುರಿದ್ದ ಮರದಪುಡಿ ನೋಡಿದರು, ನಮ್ಮಿಬ್ಬರನ್ನೂ ನೋಡಿದರು, ಗಂಭೀರವಾಗಿ ತಲೆಯಾಡಿಸಿದರು. ಅಪ್ಪನ ನಿಜವನ್ನು ಬದುಕಿಡೀ ನಂಬದಿದ್ದ ಹೆಂಗಸು ನಮ್ಮ ಸುಳ್ಳನ್ನು ನಿಂತಲ್ಲೇ ನಂಬಿದರು.