ಲಕ್ಷ ತೂಗಿದ ಗುಲಗಂಜಿ

ಪಂಡಿತ ಚಿಕ್ಕಸ್ವಾಮಿಯ ತಲೆ ಕೆಡಿಸಿದ್ದು ಮಾತ್ರೆ ಮುಗಿದ ಒಂದು ಖಾಲಿ ಶೀಟು. ಬೆಳ್ಳಂಬೆಳಗ್ಗೆ ಅದನ್ನು ತಂದು ಅವನ ನಾಟಿ ಔಷಧಿ ಅಂಗಡಿಯ ಹಲಗೆಯ ಮೇಲೆ ಕುಕ್ಕಿದವಳು ಮಾದಮ್ಮ.

"ನೋಡ್ಲಾ ಮಗಾ, ಕೆ.ಆರ್. ಪ್ಯಾಟೆ ಡಾಕ್ಟ್ರು ನಮ್ಮ ಯಜಮಾನ್ರಿಗೆ ಐನೂರು ಮೈಕ್ರೋಗ್ರಾಂ ಕೊಟ್ಟವ್ರೆ. ಡೈರಿ ಶಿವಣ್ಣ ಓದಿ ಯೋಳ್ದ. ನೀನು ನೋಡುದ್ರೆ ಒಂದೇ ಒಂದು ಗುಲಗಂಜಿ ತೂಕ ಕೊಡ್ತೀಯೆ. ಐನೂರೆಲ್ಲಿ, ಒಂದೆಲ್ಲಿ?"

ಅವಳ ಗಂಡ ಮರಿಯಯ್ಯ ಮಂಡಿನೋವೆಂದು ಜಗಲಿ ಹಿಡಿದು ಎಂಟು ತಿಂಗಳಾಗಿತ್ತು. ಇಬ್ಬರು ರಟ್ಟೆ ಹಿಡಿಯದೆ ಏಳುತ್ತಿರಲಿಲ್ಲ. ಶೀಳನೆರೆಯಲ್ಲಿ ಚಿಕ್ಕಸ್ವಾಮಿಗೆ ಉಳಿದಿದ್ದ ಕಟ್ಟಕಡೆಯ ರೋಗಿಯೂ ಅವನೇ. ಊರಿಗೆ ಎಸ್‌ಟಿಡಿ ಬೂತು ಬಂದ ಮೇಲಂತೂ ಜನಕ್ಕೆ ಸೀನಿದರೂ ಪೇಟೆಯ ಡಾಕ್ಟರೇ ಆಗಬೇಕಿತ್ತು. ಮರಿಯಯ್ಯನೂ ಕೈತಪ್ಪಿದರೆ ಅಜ್ಜನ ಕಾಲದ ಅಂಗಡಿಗೆ ಬೀಗ ಜಡಿದು, ಮಾವನ ಗದ್ದೆಯಲ್ಲಿ ಕಬ್ಬು ಕಡಿಯಬೇಕು. ಕಬ್ಬಿಗಾದರೂ ಹೆದರದಿರಬಹುದು, ಮಾವನ ಬಾಯಿಗೆ ಹೆದರದಿರಲು ಸಾಧ್ಯವೇ?

"ಒಂದ್ಗಳಿಗೆ ಕೂತ್ಕೊ ದೊಡ್ಡವ್ವ" ಎಂದವನೇ ಅಜ್ಜನ ಕೈಬರಹದ ಪುಸ್ತಕ ತೆಗೆದ. ತೊಂಬತ್ತಾರು ಗುಲಗಂಜಿಗೆ ಒಂದು ತೊಲ. ತೊಲವನ್ನು ಗ್ರಾಂ ಮಾಡಿದ, ಗ್ರಾಮನ್ನು ಮಿಲಿಗ್ರಾಂ ಮಾಡಿದ, ಸಾಲದೆಂದು ಒಂದೊಂದು ಮಿಲಿಗ್ರಾಮನ್ನೂ ಸಾವಿರ ಚೂರು ಮಾಡಿ ಮೈಕ್ರೋಗ್ರಾಂ ಮಾಡಿದ. ಒಂದು ಗುಲಗಂಜಿಗೆ ಬಂದ ಉತ್ತರ ನೋಡಿ ಮೈ ಜುಮ್ಮೆಂದಿತು.

ಒಂದು ಲಕ್ಷದ ಇಪ್ಪತ್ತೊಂದು ಸಾವಿರದ ಐನೂರು!

ಮೂರು ತಲೆಮಾರು ಲಕ್ಷ ಲಕ್ಷ ಹಂಚಿ, ಬರೀ ಒಂದು ಎಂದು ಹೇಳಿಕೊಂಡು ಮಾನ ಕಳೆದುಕೊಂಡಿತ್ತಲ್ಲ! ಪುಡಿಯನ್ನು ಪೊಟ್ಟಣ ಕಟ್ಟಿ, ಮೇಲೆ ಕೆಂಪು ಮಸಿಯಲ್ಲಿ ಸಂಖ್ಯೆ ಬರೆದುಕೊಟ್ಟ.

"ದೊಡ್ಡಪ್ಪನಿಗೆ ಜೇನಲ್ಲಿ ತಿನ್ಸು. ಕಾಗದನ ಮಾತ್ರ ಆ ಶಿವಣ್ಣನಿಗೆ ತೋರ್ಸು. ಕಣ್ಬುಟ್ಕೊಂಡು ಓದ್ಲಿ!"

ಮಾದಮ್ಮ ಹೇಳಿದಂತೆಯೇ ಮಾಡಿದಳು. ಗಂಡನಿಗೆ ಪುಡಿ ತಿನ್ನಿಸಿ, ಹಾಲಿನ ಜೊತೆ ಕಾಗದವನ್ನೂ ಡೈರಿಗೆ ಒಯ್ದಳು. ಡೈರಿ ಸೆಕ್ರೆಟರಿ ಶಿವಣ್ಣ ಕಿವಿಯ ಮೇಲಿನ ಪೆನ್ನು ತೆಗೆದು ಭಾಗಾಕಾರ ಹಾಕಿದ. ಅವನ ಮುಖ ಹಾಲಿಗಿಂತ ಬಿಳಿಯಾಯಿತು.

"ಡಾಕ್ಟ್ರು ಕೊಡೋದ್ರ ಇನ್ನೂರ ನಲವತ್ಮೂರು ಪಟ್ಟು! ಎಂಟು ತಿಂಗಳ ಔಸ್ದಿನ ಒಂದೇ ಏಟ್ಗೆ ತಿನ್ನಿಸ್ಬುಟ್ಟವ್ನಲ್ಲೋ!"

ಅಷ್ಟೊಂದು ಪುಡಿ ಆ ಅಂಗೈಯಗಲದ ಕಾಗದದಲ್ಲಿ ಹೇಗೆ ಹಿಡಿಸಿತೆಂದು ಯಾರೂ ಕೇಳಲಿಲ್ಲ. ಇಂಥ ಹೊತ್ತಿನಲ್ಲಿ ಹಾಗೆಲ್ಲ ಕೇಳುವವರು ನಮ್ಮ ಕಡೆ ಹುಟ್ಟುವುದೂ ಇಲ್ಲ. ಹಾಲು ಹಾಕುವವರ ಸಾಲಿನಲ್ಲಿದ್ದ ಮಂಚಮ್ಮ ಕ್ಯಾನು ಕೆಳಗಿಟ್ಟು, "ಎಂಥಾ ಮನುಸ ಆಗಿದ್ದ ನಮ್ಮ ಮರಿಯಣ್ಣ!" ಎಂದು ಅಲ್ಲೇ ರಾಗ ತೆಗೆದಳು. ಹಾಲಿನ ಸಾಲು ಮರಿಯಯ್ಯನ ಜಗಲಿಗೆ ಓಡಿತು.

ಮರಿಯಯ್ಯ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದ.

"ಮಾವೋ, ನಿನ್ನ ಒಟ್ಟೆ ಒಳಗೆ ಲಕ್ಷದ ಮೇಲೈತೆ!" ಎಂದು ಶಿವಣ್ಣ ಕೂಗಿದ.

ಲೆಕ್ಕವೆಲ್ಲ ಕೇಳಿ ಮುಗಿಯುವಷ್ಟರಲ್ಲಿ ಮರಿಯಯ್ಯನ ಕಣ್ಣು ಕೆಂಪಾಗಿತ್ತು. "ಎಲ್ಲವ್ನೆ ಆ ಬಡ್ಡೀಮಗ?" ಎಂದು ಮೂಲೆಯ ದೊಣ್ಣೆಗೆ ಕೈ ಹಾಕಿದ.

ಇತ್ತ ಚಿಕ್ಕಸ್ವಾಮಿಗೆ ಬೀದಿಯ ಗದ್ದಲ ಕೇಳಿಸಿತು. ಜನ ಔಷಧಿಗೆ ಮುಗಿಬೀಳುತ್ತಿದ್ದಾರೆಂದು ಹಿಗ್ಗಿ, ಹೆಗಲ ಟವೆಲಿನಿಂದ ಬೆಂಚು ಒರೆಸಿದ. ಎಲ್ಲರಿಗಿಂತ ಮುಂದೆ ಬಂದವನು ಮರಿಯಯ್ಯ. ಮೊದಲ ಏಟು ಕಷಾಯದ ಜಾಡಿಗೆ ಬಿತ್ತು, ಎರಡನೆಯದು ಪಂಡಿತನ ಭುಜಕ್ಕೆ.

"ತಡಿ ದೊಡ್ಡಪ್ಪೋ! ನಮ್ಮೂರಿಂದ ಪ್ಯಾಟೆಗೆ ಇಂಚಲ್ಲಿ ಅಳತೆ ಮಾಡುದ್ರೆ ದಾರಿ ಉದ್ದ ಆಗ್ಬುಡ್ತದಾ?"

"ದಾರಿ ವಿಚಾರ ಯಾಕ್ಲಾ? ನನ್ನ ಒಟ್ಟೆ ವಿಚಾರ ಮಾತಾಡು!"

ಚಿಕ್ಕಸ್ವಾಮಿ ಸಣ್ಣ ತಕ್ಕಡಿ ಎತ್ತಿದ. ಒಂದು ತಟ್ಟೆಗೆ ಒಂದು ಗುಲಗಂಜಿ ಕಾಳು, ಇನ್ನೊಂದಕ್ಕೆ ಚಿಟಿಕೆ ಪುಡಿ. ಮುಳ್ಳು ನೆಟ್ಟಗೆ ನಿಂತಿತು.

"ಒಂದು ಗುಲಗಂಜಿ ಅಂದ್ರೂ ಇಷ್ಟೇ, ಲಕ್ಷ ಮೈಕ್ರೋಗ್ರಾಂ ಅಂದ್ರೂ ಇಷ್ಟೇ. ನಾನು ಯಾವತ್ತೂ ಇದಕ್ಕಿಂತ ಒಂದು ಕಣ ಎಚ್ಗೆ ಕೊಟ್ಟೋನಲ್ಲ!"

ಶಿವಣ್ಣ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. ಆ ಉಸಿರಿಗೆ ಲಕ್ಷದಲ್ಲಿ ಅರ್ಧ ಹಾರಿಹೋಯಿತು. ಜನ ಗೊಳ್ಳೆಂದು ನಕ್ಕರು. ಜೀವ ಬಂದಂತಾಗಿ ತಲೆಯೆತ್ತಿದ ಚಿಕ್ಕಸ್ವಾಮಿಗೆ ಆಗ ಹೊಳೆಯಿತು.

"ದೊಡ್ಡಪ್ಪೋ... ನೀನು ಓಡ್ಬಂದೆ!"

ನಗು ನಿಂತಿತು. ಎಲ್ಲರ ಕಣ್ಣೂ ಮರಿಯಯ್ಯನ ಕಾಲಿನ ಮೇಲೆ ಬಿತ್ತು. ಯಾರೂ ರಟ್ಟೆ ಹಿಡಿದಿರಲಿಲ್ಲ. ಅಂಗಡಿಯಿಂದ ಬಸ್‌ಸ್ಟಾಂಡಿನವರೆಗೆ ನಿಂತ ರೋಗಿಗಳ ಸಾಲು ಚಿಕ್ಕಸ್ವಾಮಿಯ ಕಣ್ಣಿಗೆ ಕಟ್ಟಿತು.

ಮರಿಯಯ್ಯ ತನ್ನ ಮಂಡಿ ನೋಡಿಕೊಂಡ. ತಟ್ಟೆಯಲ್ಲಿ ಉಳಿದಿದ್ದ ಪುಡಿ ನೋಡಿದ. ಮತ್ತೆ ಮಂಡಿ ನೋಡಿಕೊಂಡ.

"ಲಕ್ಷ ಐತೆ ಅಂತ ತಾನೇ ನಾನು ಓಡ್ಬಂದಿದ್ದು? ಇಷ್ಟೇ ಇಷ್ಟು ತಿಂದು ನಾನೆಂಗ್ಲಾ ನಿಂತ್ಕೊಳಕ್ಕಾಯ್ತದೆ?" ಎಂದವನೇ "ಅಯ್ಯಪ್ಪಾ" ಎಂದು ಕುಸಿದು ಕುಳಿತ.

ಎತ್ತಲು ಹೋದವರನ್ನು ಶಿವಣ್ಣ ತಡೆದ. "ಪಂಡಿತನೇ ಎತ್ಲಿ ಬುಡ್ರಲಾ. ಓಡ್ತಿದ್ದ ಮನುಸನ್ನ ಕೂರ್ಸುದೋನು ಅವ್ನೇ ಅಲ್ವಾ?"

ಚಿಕ್ಕಸ್ವಾಮಿ ಮರಿಯಯ್ಯನನ್ನು ಬೆನ್ನ ಮೇಲೆ ಹೊತ್ತು, ಏಟು ಬಿದ್ದ ಭುಜ ಕೊಂಕಿಸುತ್ತ ಬೀದಿಗಿಳಿದ. ಹಿಂದಿನಿಂದ ಮಾದಮ್ಮ, ಪೇಟೆಗೆ ನಾಳೆ ಮೊದಲ ಬಸ್ಸು ಎಷ್ಟೊತ್ತಿಗೆಂದು ಯಾರನ್ನೋ ವಿಚಾರಿಸುತ್ತಿದ್ದಳು.

"ಮೆಲ್ಲಗೆ ನಡಿಯಲಾ," ಮರಿಯಯ್ಯ ಬೆನ್ನ ಮೇಲಿಂದ ಗದರಿದ, "ಮಂಡಿ ನೋಯ್ತದೆ."